ಮೂರನೇ ಮೋಲ್ಡಿನ ದಿನ ಬಂದವರು

ಅವರು ನಮ್ಮ ಮನೆಗೆ ಬಂದದ್ದು ಯಾವಾಗ ಎಂದು ನನಗೆ ಸರಿಯಾಗಿ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಡೆದದ್ದೆಲ್ಲ ಆ ಒಂದು ದಿನದ ಮೇಲೆ ನಿಂತಿತ್ತು. ಅಮ್ಮನನ್ನು ಕೇಳಿದರೆ 'ಮೂರನೇ ಮೋಲ್ಡ್ ಹಾಕಿದ ದಿನ' ಅನ್ನುತ್ತಾಳೆ. ಅಣ್ಣನೂ ಅದನ್ನೇ ಹೇಳುತ್ತಾನೆ, ಹೊರಗಿನವರು ಯಾರೂ ಹತ್ತಿರ ಇಲ್ಲದಿದ್ದರೆ.

ನಮ್ಮೂರು ಹೂಡಿಯ ಹಳೆಯ ಮನೆತನದವರು ಕಾಲವನ್ನು ಗುರುತಿಟ್ಟುಕೊಳ್ಳುವುದೇ ಹೀಗೆ. ರಾಗಿ ಬೆಳೆಯುತ್ತಿದ್ದಾಗ ಬೇರೆ ಗುರುತುಗಳಿದ್ದವೇನೋ, ನನಗೆ ಗೊತ್ತಿಲ್ಲ. ಹೊಲ ಹೋಗಿ ಸೈಟು ಉಳಿದು, ಸೈಟಿನ ಮೇಲೆ ಬಾಡಿಗೆ ಮನೆಗಳು ಎದ್ದ ಮೇಲೆ ತಾರಸಿಗೆ ಕಾಂಕ್ರೀಟ್ ಸುರಿದ, ಅಂದರೆ ಮೋಲ್ಡ್ ಹಾಕಿದ ದಿನಗಳೇ ನಮ್ಮ ಪಂಚಾಂಗವಾದವು. ಅಜ್ಜಿ ತೀರಿಕೊಂಡದ್ದು ಮೊದಲನೇ ಮೋಲ್ಡ್ ಆಗಿ ಹದಿನೈದು ದಿನಕ್ಕೆ. ಅಣ್ಣನ ಮದುವೆ ಆದದ್ದು ಎರಡನೇ ಮೋಲ್ಡಿಗೆ ಕೊಟ್ಟ ಕಂಬಗಳನ್ನು ಬಿಚ್ಚುವ ಮುಂಚೆ. ಮದುವೆಯ ಫೋಟೋಗಳಲ್ಲಿ ನೆಂಟರ ಹಿಂದೆ ನೀಲಗಿರಿ ಕಂಬಗಳ ಸಾಲು ಕಾಣುತ್ತದೆ. ಇಸವಿ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಮನೆಗೆ ಪ್ಲಾನ್ ಇರುವುದು ಎರಡು ಮೋಲ್ಡಿಗೆ. ಮೂರನೆಯದೂ ಅದರ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕಟ್ಟಿದ ತಗಡಿನ ರೂಮೂ ಕಾಗದದಲ್ಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮೂರನೆಯದೂ ಕಾಗದದಲ್ಲಿಲ್ಲ. ಆದ್ದರಿಂದ ನಮ್ಮ ಬೀದಿಯ ಗಂಡಸರಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಕೈಯಲ್ಲಿ ಫೈಲ್ ಹಿಡಿದವರು, ಖಾಕಿ ತೊಟ್ಟವರು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡವರು ಯಾರೇ ಬಂದು ಎಷ್ಟು ಫ್ಲೋರ್ ಅಂದರೂ 'ಎರಡೇ ಸಾರ್' ಅನ್ನುವುದು. ಮೂರನೆಯದು ತಲೆಯ ಮೇಲೇ ನಿಂತಿರುತ್ತದೆ, ಕೇಳಿದವರಿಗೂ ಕಾಣುತ್ತಿರುತ್ತದೆ. ಅವರು ಎರಡು ಎಂದು ಬರೆದುಕೊಂಡು ಹೋಗುತ್ತಾರೆ.

ಆ ಮೂರನೇ ಮೋಲ್ಡಿನ ದಿನ ಮೇಸ್ತ್ರಿ ಕರೆತಂದ ಆಳುಗಳಲ್ಲಿ ಬಂಗಾಲಿ ಮಾತಾಡುವ ಒಂದು ಜೋಡಿ ಇತ್ತು. ಗಂಡ ಮೇಲೆ ಕಾಂಕ್ರೀಟ್ ಹರಡುತ್ತಿದ್ದ, ಹೆಂಡತಿ ಬಾಂಡ್ಲಿ ಹೊತ್ತು ಹತ್ತುತ್ತಿದ್ದಳು. ಸೀರೆಯ ಮೇಲೆ ಗಂಡಸರ ಶರ್ಟು, ತಲೆಗೆ ಸುತ್ತಿದ ಟವೆಲ್ಲು. ನನಗೆ ಆ ಚಿತ್ರ ಸ್ಪಷ್ಟವಾಗಿದೆ. ಆದರೆ ಕಟ್ಟಡದ ಕೆಲಸದ ಹೆಂಗಸರೆಲ್ಲ ಇರುವುದೇ ಹಾಗೆ, ಆದ್ದರಿಂದ ಅದು ಅವಳೇ ಎಂದು ಆಣೆ ಮಾಡಲಾರೆ. ಮೋಲ್ಡ್ ಮುಗಿದ ಮೇಲೆ ಕೆಲಸದವರಿಗೆ ಮನೆಯವರೇ ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ಮುದ್ದೆ, ಕೋಳಿ ಸಾರು. ಅವಳು ಮುದ್ದೆಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳಂತೆ. ಎಷ್ಟು ಅಗಿದರೂ ಅದು ಮುಗಿಯದು. ಅಮ್ಮ ಸೌಟು ಹಿಡಿದುಕೊಂಡೇ, "ಅಗೀಬ್ಯಾಡ ಕಣವ್ವ, ನುಂಗು! ಇಂಗೆ, ಸಾರಲ್ಲಿ ಅದ್ದಿ ನುಂಗು," ಎಂದು ಮಾಡಿ ತೋರಿಸಿದಳಂತೆ. ಇಡೀ ಪಂಕ್ತಿ ನಕ್ಕಿತಂತೆ. ಆ ನಗು ನನ್ನ ಕಿವಿಯಲ್ಲಿದೆ. ಅದನ್ನು ನಾನು ಕೇಳಿದ್ದೆನೋ, ಅಮ್ಮ ಹೇಳಿ ಹೇಳಿ ಅದು ನನ್ನದಾಯಿತೋ, ಈಗ ಬಿಡಿಸಲಾರೆ.

ಒಂದೆರಡು ತಿಂಗಳಲ್ಲಿ ಇಬ್ಬರೂ ತಗಡಿನ ರೂಮಿಗೆ ಬಂದರು. ಗಂಡನಿಗೆ ಹತ್ತಿರದ ಅಪಾರ್ಟ್‌ಮೆಂಟಿನ ಒಣ ಕಸ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಹೆಂಡತಿ ನಮ್ಮ ಮನೆಗೂ ಅದೇ ಅಪಾರ್ಟ್‌ಮೆಂಟಿನ ಎರಡು ಫ್ಲ್ಯಾಟುಗಳಿಗೂ ಕೆಲಸಕ್ಕೆ ಹೋಗತೊಡಗಿದಳು. ಅವಳು ಕನ್ನಡ ಕಲಿತದ್ದು ಅಮ್ಮನಿಂದ. ಹಾಗಾಗಿ ನಮ್ಮ ಬೀದಿಯ ಮಕ್ಕಳು ಮರೆತ ಮಾತು ಅವಳ ಬಾಯಲ್ಲಿತ್ತು: 'ಅಂಗೆ', 'ಇಂಗೆ', 'ಓಗ್ಬತ್ತೀನಿ'. ನನ್ನ ಅಣ್ಣನ ಮಗಳು ಸ್ಕೂಲಿನಿಂದ ಬಂದು ಇಂಗ್ಲಿಷಿನಲ್ಲಿ ತಿಂಡಿ ಕೇಳಿದರೆ ಅವಳು ಹಳೇ ಹೂಡಿಯ ಕನ್ನಡದಲ್ಲಿ ಗದರುತ್ತಿದ್ದಳು.

ಊರು ಯಾವುದು ಎಂದು ಒಮ್ಮೆ ನಾನು ಕೇಳಿದ್ದೆ. ಬಂಗಾಳ ಅಂದಳು. ಬಂಗಾಳ ಎರಡಿದೆ, ಯಾವ ಬಂಗಾಳ ಎಂದು ನಾನು ಕೇಳಲಿಲ್ಲ. ಒಂದು ನದಿಯ ಮಾತು ಬಂತು, ಮನೆ ಇದ್ದ ದಡವನ್ನೇ ನದಿ ತಿಂದುಹಾಕಿದ ಮಾತು. ದೋಣಿಯಲ್ಲಿ ಬೆಳಗಾಗುವ ಮುಂಚೆ ದಾಟಿದ್ದನ್ನೂ ಹೇಳಿದಳೆಂದು ನನ್ನ ನೆನಪು. ಆದರೆ ದೋಣಿಯಲ್ಲಿ ಗಡಿ ದಾಟಿದವರ ಬಗ್ಗೆ ಎಂಎ ಓದುವಾಗ ನಾನು ಓದಿದ್ದ ಪುಟಗಳು ಕಡಿಮೆಯಲ್ಲ. ಆ ದೋಣಿ ಅವಳದೋ ಪುಸ್ತಕದ್ದೋ ತಿಳಿಯದು.

ನಾನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದವನು. ಹೊರದೇಶದಿಂದ ಬಂದವರಿಂದ, ಬರಮಾಡಿಕೊಂಡ ದೇಶಕ್ಕೆ ಏನಾಗುತ್ತದೆ ಎಂಬುದೇ ಕೊನೆಯ ವರ್ಷ ನಾನು ಬರೆದ ಪ್ರಬಂಧ. ಕೂಲಿ ಇಳಿಯುತ್ತದೆಯೇ, ಬಾಡಿಗೆ ಏರುತ್ತದೆಯೇ, ಯಾರಿಗೆ ಲಾಭ, ಯಾರಿಗೆ ನಷ್ಟ. ಬೇಡಿಕೆಗೊಂದು, ಪೂರೈಕೆಗೊಂದು ಗೆರೆ ಎಳೆದು, ಒಂದನ್ನು ಬಲಕ್ಕೆ ಸರಿಸಿದರೆ ಉತ್ತರ ಬರುತ್ತಿತ್ತು. ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂಬುದರ ಅರ್ಥ, ಸಂಬಳ ಬಂದಾಗ ಬರುತ್ತದೆ. ಉಳಿದಂತೆ ನಾನು ಮೂರನೇ ಮೋಲ್ಡಿನ ಬಾಡಿಗೆಯಲ್ಲಿ ಬದುಕುತ್ತೇನೆ.

ತರಗತಿಯಲ್ಲಿ ಗೆರೆಗಳು ಹುಡುಗರಿಗೆ ಬೇಸರವಾದಾಗ ನಾನು ನಮ್ಮ ಮನೆಯ ಉದಾಹರಣೆ ಕೊಡುತ್ತಿದ್ದೆ. ಬಂಗಾಲಿಯವಳಿಗಿಂತ ಮುಂಚೆ ನಮ್ಮ ಮನೆಗೆ ಬರುತ್ತಿದ್ದವಳು ಊರಿನವಳೇ, ಕೆರೆಯಾಚೆಯ ಓಣಿಯವಳು. ಸಂಬಳ ಜಾಸ್ತಿ ಮಾಡಿ ಎಂದಳು, ಅಮ್ಮ ಆಗಲ್ಲ ಎಂದಳು, ಅವಳು ಬಿಟ್ಟಳು. ಆಮೇಲೆ ಬಂಗಾಲಿಯವಳು ಬಂದಳು. ಹಾಗಾಗಿ ಹೊಸಬರು ಯಾರ ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ, ಖಾಲಿಯಾದ ಜಾಗಕ್ಕೆ ಬಂದರು, ಎಂದು ವಿವರಿಸುತ್ತಿದ್ದೆ. ಕೆಲವು ವರ್ಷ ಹೀಗೆ ಹೇಳಿದ ಮೇಲೆ ಒಂದು ದಿನ ಕಪ್ಪು ಹಲಗೆಯ ಮುಂದೆಯೇ ಅನುಮಾನ ಬಂತು. ಮೊದಲು ಊರಿನವಳು ಬಿಟ್ಟಳೋ, ಮೊದಲು ಬಂಗಾಲಿಯವಳು ಬಂದಳೋ? ಬಂಗಾಲಿಯವಳು ಕಡಿಮೆಗೆ ಸಿಗುತ್ತಾಳೆಂದು ಗೊತ್ತಾದ ಮೇಲೆ ಅಮ್ಮ ಆಗಲ್ಲ ಎಂದಿದ್ದರೆ, ನನ್ನ ಉದಾಹರಣೆ ತಿರುಗುಮುರುಗಾಗುತ್ತದೆ. ಆ ವರ್ಷದಿಂದ ಉದಾಹರಣೆ ಕೊಡುವುದು ಬಿಟ್ಟೆ.

ಆಗಲೇ ಪೊಲೀಸರು ಶೆಡ್ಡಿಗೆ ಬಂದರು. ಹೊರದೇಶದವರನ್ನು ಹುಡುಕುವ ಆದೇಶ ಬಂದಿದೆ ಎಂದು ಊರಲ್ಲೆಲ್ಲ ಮಾತಿತ್ತು. ಕಸ ವಿಂಗಡಿಸುತ್ತಿದ್ದ ಗಂಡಸರಲ್ಲಿ ಯಾರ ಗುರುತಿನ ಚೀಟಿ ಹೊಸದಾಗಿ ಕಂಡಿತೋ ಅವರನ್ನು ವ್ಯಾನಿಗೆ ಹತ್ತಿಸಿದರು. ನಮ್ಮ ತಗಡಿನ ರೂಮಿನವನೂ ಹೋದ. ಅವನ ಹೆಂಡತಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳಿದಳು:

"ಸಾರ್, ನೀವು ಓದಿರೋರು. ನಾವು ಯಾವಾಗಿಂದ ಇದೀವಿ ಅಂತ ಯೋಳಿ ಸಾಕು. ಬೇರೆ ಏನೂ ಬ್ಯಾಡ."

ಮಧ್ಯಾಹ್ನ ಅಣ್ಣ, ನಾನು ಠಾಣೆಗೆ ಹೋದೆವು. ಸಬ್ ಇನ್‌ಸ್ಪೆಕ್ಟರ್ ನನ್ನ ಕೆಲಸ ಕೇಳಿದರು. ಕಾಲೇಜಿನಲ್ಲಿ ಪಾಠ ಎಂದೆ.

"ಓ, ಮೇಷ್ಟ್ರು. ಹಾಗಾದ್ರೆ ಕರೆಕ್ಟಾಗಿ ಹೇಳ್ತೀರ. ಇವ್ನು ನಿಮ್ಮನೇಲಿ ಯಾವಾಗಿಂದ ಇದಾನೆ?"

"ಆರೇಳು ವರ್ಷ ಆಗಿರಬಹುದು ಸಾರ್. ಎಂಟೂ ಆಗಿರಬಹುದು."

"ಇರಬಹುದಾ? ಪರೀಕ್ಷೇಲಿ ಹುಡುಗ್ರು ಹೀಗೆ ಬರೆದ್ರೆ ಎಷ್ಟು ಮಾರ್ಕ್ಸ್ ಹಾಕ್ತೀರಿ ಮೇಷ್ಟ್ರೇ?"

ಪಕ್ಕದಲ್ಲಿ ಬರೆಯುತ್ತಿದ್ದ ಪೇದೆ ನಕ್ಕ. ನಮ್ಮ ರೂಮಿನವನು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ನಾನು ತಡವರಿಸಿದ್ದನ್ನು ನೋಡಿ ಎದ್ದು ನಿಂತ. ನನಗೆ ಸಹಾಯ ಮಾಡಲು ಎಂದು ಈಗ ಅನ್ನಿಸುತ್ತದೆ.

"ಮೂರನೇ ಮೋಲ್ಡ್ ಸಾರ್," ಅಂದ. "ಮೂರನೇ ಮೋಲ್ಡ್ ದಿನ ಬಂದಿದ್ದು. ನಾನೇ ಕಾಂಕ್ರೀಟ್ ಹಾಕಿದ್ದು. ಓನರ್‌ನ ಕೇಳಿ."

ಸಬ್ ಇನ್‌ಸ್ಪೆಕ್ಟರ್ ಅಣ್ಣನ ಕಡೆ ತಿರುಗಿದರು. "ಎಷ್ಟು ಫ್ಲೋರ್ರೀ ನಿಮ್ದು?"

"ಎರಡೇ ಸಾರ್," ಅಂದ ಅಣ್ಣ.

ಪ್ರಶ್ನೆ ಮುಗಿಯುವುದಕ್ಕೂ ಅವನು ಕಾಯಲಿಲ್ಲ. ಪೇದೆ ಅದನ್ನು ಬರೆದುಕೊಂಡ.

"ಓನರ್ ಎರಡೇ ಅಂತಾರಲ್ಲೋ. ಮೂರನೇದು ಎಲ್ಲಿಂದ ಬಂತು? ನಿಮ್ಮೂರಿಂದ ಹೊತ್ಕೊಂಡ್ ಬಂದ್ಯಾ?"

ಅವನು ಅಣ್ಣನನ್ನು ನೋಡಿದ. ಸಿಟ್ಟಿನಿಂದಲ್ಲ. ತಾನೇ ಎಣಿಕೆ ತಪ್ಪಿದೆನೇನೋ ಎಂಬಂತೆ ಬೆರಳು ಮಡಿಸಿ ಎಣಿಸಿದ. ಒಂದು, ಎರಡು, ಮೂರು. ಮತ್ತೆ ಮೊದಲಿನಿಂದ ಎಣಿಸಿದ.

"ಬಂದ ದಿನದ ಬಗ್ಗೇನೇ ಸುಳ್ಳು ಹೇಳೋನು ಊರು ಸರಿಯಾಗಿ ಹೇಳ್ತಾನಾ ಮೇಷ್ಟ್ರೇ?" ಎಂದು ಸಬ್ ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದರು. ನಾನು ಪೇದೆ ಬರೆದ ಹಾಳೆಯನ್ನು ನೋಡಿದೆ. ಅವರು ನನ್ನ ಮುಖ ನೋಡಿ ಸ್ವಲ್ಪ ಕಾದರೆಂದೂ ನನಗೆ ಅನ್ನಿಸುತ್ತದೆ. ಕಾಯದೆಯೇ ಮುಂದಿನ ಫೈಲ್ ಎತ್ತಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೆ ಸಮಾಧಾನ ಕೊಡುವ ನೆನಪುಗಳನ್ನು ನಂಬಬಾರದು ಎಂದು ಕಲಿತಿದ್ದೇನೆ. ಅಣ್ಣ ಸಹಿ ಹಾಕಿದ. ನಾವು ಹೊರಗೆ ಬಂದೆವು.

ಸ್ಕೂಟರ್ ಹತ್ತಿರ ಬಂದ ಮೇಲೆ ಕೇಳಿದೆ: "ಯಾಕಣ್ಣ ಹಂಗಂದೆ?"

"ಏನಂದೆ?"

"ಎರಡೇ ಅಂದ್ಯಲ್ಲ."

ಅವನು ಬೀಗದ ಕೈ ಹಿಡಿದುಕೊಂಡು ನಿಂತ. "ಅಂದ್ನಾ?"

ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಅವನ ಮುಖ ಕಪ್ಪಿಟ್ಟಿತು.

"ಬಾಯಿಗೆ ಬಂದ್ಬಿಡ್ತು ಕಣೋ. ಖಾಕಿ ಹಾಕ್ಕೊಂಡೋನು ಫ್ಲೋರ್ ಎಷ್ಟು ಅಂದ್ರೆ ಇನ್ನೇನಂತಾರೆ?"

"ಒಳಗೆ ಹೋಗಿ ಹೇಳೋಣ ನಡಿ."

"ಮೂರು ಅಂದ್ರೆ ಬರ್ಕೋತಾನೆ. ಬರ್ಕೊಂಡಿದ್ದು ಇನ್ನೊಂದ್ ಆಫೀಸಿಗೆ ಹೋಗುತ್ತೆ. ಅಲ್ಲಿಂದ ಜೆಸಿಬಿ ಬಂದ್ರೆ ನಿನ್ ಊಟಕ್ಕೂ ಕಲ್ಲು ಬೀಳುತ್ತೆ, ಗೊತ್ತಾಯ್ತಾ?" ಸ್ಕೂಟರ್ ಸ್ಟಾರ್ಟ್ ಮಾಡಿ, ಹೊರಡದೆ ಹೇಳಿದ: "ನೀನೇ ಹೇಳ್ಬೋದಿತ್ತಲ್ಲ. ನಿನ್ ಬಾಯಿಗೇನಾಗಿತ್ತು? ಎಂಎ ಓದಿರೋನು."

ಹೇಳಬಹುದಿತ್ತು. ನಾನು ಹಿಂದೆ ಕೂತೆ.

ಗೇಟಿನ ಹತ್ತಿರ ಅವಳು ಕಾಯುತ್ತಿದ್ದಳು. ಅಣ್ಣ ಅವಳ ಮುಖ ನೋಡದೆ ಮೆಟ್ಟಿಲು ಹತ್ತಿದ. ಏನಂದ್ರು ಸಾರ್ ಎಂದು ಅವಳು ಕೇಳಿದಳು. ನಾಳೆ ಬಿಡ್ತಾರೆ ಅಂದೆ. ಬಿಡಬಹುದು ಅಂದಿರಬೇಕೆಂದು ನನ್ನ ಆಸೆ.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಅಮ್ಮನಿಗೆ ವಿಷಯ ಗೊತ್ತಾಯಿತು. ಅಣ್ಣನೇ ಹೇಳಿದ. ಅವಳು ತಟ್ಟೆ ಕೆಳಗಿಟ್ಟು ಇಬ್ಬರನ್ನೂ ನೋಡಿದಳು.

"ಓಗಿ ಮೂರು ಅಂತ ಯೋಳ್ರೋ. ಒಡೆದಾಕಿದ್ರೆ ಒಡೆದಾಕ್ಲಿ. ಈ ಮೋಲ್ಡ್‌ಗಳು ಬರೋಕ್ ಮುಂಚೆ ನಾವೇನ್ ಮರದ ಕೆಳಗೆ ಇದ್ವಾ?"

ಅಣ್ಣ ಎದುರಾಡಲಿಲ್ಲ. ನಾನು ಪತ್ರ ಬರೆದೆ. ಮೂರನೇ ಮಹಡಿಗೆ ಕಾಂಕ್ರೀಟ್ ಹಾಕಿದ ದಿನದಿಂದ ಈ ದಂಪತಿ ನಮಗೆ ಗೊತ್ತು, ನಿನ್ನೆ ಕೊಟ್ಟ ಹೇಳಿಕೆಯಲ್ಲಿ ಮಹಡಿಗಳ ಸಂಖ್ಯೆ ತಪ್ಪಾಗಿ ಹೇಳಲಾಗಿದೆ. ವರ್ಷ ಬರೆಯುವ ಜಾಗದಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಕೊನೆಗೆ ಸಿಮೆಂಟ್ ಅಂಗಡಿಯ ಹಳೆಯ ಬಿಲ್ಲನ್ನು ಅಣ್ಣ ಟ್ರಂಕಿನಿಂದ ಹುಡುಕಿ ತಂದ. ನಾನು ಠಾಣೆಯಲ್ಲಿ ಹೇಳಿದ ಎಂಟಕ್ಕಿಂತಲೂ ಅದು ಎರಡು ವರ್ಷ ಹಿಂದಿನದು.

ಠಾಣೆಯಲ್ಲಿ ಹಿಂದಿನ ದಿನದವರು ಇರಲಿಲ್ಲ. ಬೇರೆ ಅಧಿಕಾರಿ ಪತ್ರ ಓದಿದರು.

"ಅವ್ರನ್ನೆಲ್ಲ ಬೆಳಗ್ಗೇನೇ ಹೊರದೇಶದವ್ರನ್ನ ಇಡೋ ಸೆಂಟರ್‌ಗೆ ಕಳಿಸಾಯ್ತಲ್ಲ. ಹೇಳೋದು ನಿನ್ನೆ ಹೇಳೋದಲ್ವಾ?" ಎಂದರು. ಆಮೇಲೆ ಅಣ್ಣನ ಹಳೆಯ ಹೇಳಿಕೆ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟರು. "ಇಲ್ಲಿ ಎರಡು, ಇಲ್ಲಿ ಮೂರು. ಯಾವುದ್ರೀ ನಿಜ?"

"ಮೂರು ಸಾರ್," ಎಂದ ಅಣ್ಣ.

ಅವರು ನಕ್ಕುಬಿಟ್ಟರು. "ಎಲ್ಲರ್ದೂ ಮೂರೇ ಬಿಡಿ. ನಾಲ್ಕೂ ಇರುತ್ತೆ. ನಮಗೇನ್ರೀ ಅದು?"

ಪತ್ರವನ್ನು ಕಳಿಸುತ್ತೇವೆ ಎಂದು ಒಂದು ಫೈಲಿಗೆ ಸೇರಿಸಿದರು. ಇಲ್ಲಿಯವರೆಗೆ ನಮ್ಮ ಮೂರನೇ ಮೋಲ್ಡಿನ ಬಗ್ಗೆ ಯಾರೂ ಬಂದು ಕೇಳಿಲ್ಲ.

ಸಂಜೆ ಅವಳು ಬ್ಯಾಗು ತುಂಬಿಕೊಂಡು ಗಂಡ ಇರುವ ಸೆಂಟರ್ ಹುಡುಕಿಕೊಂಡು ಹೊರಟಳು. ಹೋಗುವ ಮುಂಚೆ ಮಧ್ಯಾಹ್ನದ ಪಾತ್ರೆಗಳನ್ನು ತೊಳೆದಿಟ್ಟಿದ್ದಳು; ಬೇಡ ಬೇಡ ಎಂದು ಅಮ್ಮ ಹಿಂದೆಯೇ ನಿಂತು ಹೇಳಿದರೂ ಕೇಳಲಿಲ್ಲ.

ಅವರು ಹೋದ ಮೇಲೆ ಏನಾಯಿತು ಎಂಬುದು ನನ್ನ ಪ್ರಬಂಧದ ಕೊನೆಯ ಅಧ್ಯಾಯದಂತೆಯೇ ಇತ್ತು; ಆದರೆ ಅದನ್ನು ಬರೆದಾಗ ನನಗೆ ಇಷ್ಟು ಆಯಾಸವಾಗಿರಲಿಲ್ಲ. ಶೆಡ್ಡಿನಲ್ಲಿ ಕೆಲಸ ನಿಂತು ಅಪಾರ್ಟ್‌ಮೆಂಟಿನ ಒಣ ಕಸ ಕಾಂಪೌಂಡಿನ ಪಕ್ಕ ಗುಡ್ಡೆಯಾಯಿತು. ಹೊರದೇಶದವರನ್ನು ಓಡಿಸಿ ಎಂದು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಬರೆದವರೇ ವಾಸನೆಯ ಫೋಟೋ ಹಾಕತೊಡಗಿದರು ಎಂದು ಅಲ್ಲಿರುವ ನನ್ನ ಸಹೋದ್ಯೋಗಿ ಹೇಳಿದರು. ವಾಸನೆಯ ಫೋಟೋ ಹೇಗೆ ತೆಗೆಯುತ್ತಾರೆ ಎಂದು ನಾವಿಬ್ಬರೂ ನಕ್ಕೆವು. ಕೊನೆಗೆ ಕಂಟ್ರಾಕ್ಟರ್ ಇನ್ನೊಂದು ರಾಜ್ಯದಿಂದ ಜನ ತಂದ, ಕೂಲಿ ಜಾಸ್ತಿ ಕೊಟ್ಟ, ಅದನ್ನು ಅಪಾರ್ಟ್‌ಮೆಂಟಿನವರ ಮೇಲೆ ಹಾಕಿದ.

ನಮ್ಮ ಮನೆಯಲ್ಲಿ ಅಮ್ಮ ಕೆರೆಯಾಚೆಯ ಹಳೆಯ ಕೆಲಸದವಳಿಗೆ ಹೇಳಿಕಳಿಸಿದಳು. ಅವಳು ಬಂದು ಬಾಗಿಲಲ್ಲೇ ನಿಂತು ಷರತ್ತು ಹಾಕಿದಳು. ಸಂಬಳ ಹಿಂದಿನದರ ಎರಡರಷ್ಟು, ಭಾನುವಾರ ರಜ.

"ಈಗ ಗ್ಯಾಪಕ ಬಂತಾ ಅಕ್ಕ ನಮ್ದು?" ಎಂದು ಅಮ್ಮನನ್ನು ಕೇಳಿದಳು.

ಅಮ್ಮ ಒಪ್ಪಿಕೊಂಡಳು. ಹೊಸಬರು ಹೋದರೆ ಹಳಬರ ಕೂಲಿ ಏರುತ್ತದೆ ಎನ್ನುವ ಗೆರೆ ನಮ್ಮ ಹೊಸ್ತಿಲಲ್ಲೇ ಸರಿಯಿತು. ಅವಳ ಮಗಳ ಫೀಸು ಆ ಸಂಬಳದಲ್ಲಿ ಹೋಗುತ್ತದೆಂದು ನನಗೆ ಗೊತ್ತು. ಅದು ಅನ್ಯಾಯ ಎಂದು ನಾನು ಹೇಗೆ ಹೇಳಲಿ? ಒಂದು ದಿನ ಅವಳು ನೆಲ ಒರೆಸುವಾಗ, ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ನೀನು ನಮ್ಮ ಮನೆ ಕೆಲಸ ಬಿಟ್ಟದ್ದು ಮೂರನೇ ಮೋಲ್ಡಿಗಿಂತ ಮುಂಚೆಯೋ ಆಮೇಲೋ?

"ಮೋಲ್ಡ್ ದಿನ ಅಷ್ಟು ಜನಕ್ಕೆ ಮುದ್ದೆ ತಿರುವಿದ್ದು ಯಾರು ಅನ್ಕೊಂಡಿದೀರ ಸಾರ್? ನಾನೇ. ಮುಂದಿನ ತಿಂಗಳು ನನ್ನ ಬಿಡ್ಸಿದ್ರು."

ಒಳಗಿನಿಂದ ಅಮ್ಮ ಕೂಗಿದಳು: "ಸುಳ್ಳು ಯೋಳ್ಬ್ಯಾಡ ಕಣೇ! ಅವತ್ತು ತಿರುವಿದ್ದು ನಾನು. ಭುಜ ಇಡ್ಕೊಂಡು ಒಂದ್ ವಾರ ಮಲಗಿದ್ದೆ."

"ನೀವು ಮಲಗಿದ್ದು ಎರಡನೇ ಮೋಲ್ಡಲ್ಲಿ ಅಕ್ಕ."

ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಆಮೇಲೆ ಒಟ್ಟಿಗೆ ಕಾಫಿ ಕುಡಿದರು. ಅಲ್ಲಿ ಸಾಕ್ಷಿ ಹೇಳಬಹುದಾಗಿದ್ದ ಮೂರನೆಯವಳು ಒಬ್ಬಳೇ, ಅವಳು ಹೋಗಿದ್ದಳು. ನಾನು ಹುಡುಗರಿಗೆ ಹೇಳಿಕೊಟ್ಟದ್ದು ತಪ್ಪೋ ಸರಿಯೋ ಎಂಬುದು ಹಾಗೆಯೇ ಉಳಿಯಿತು. ಈಗ ತರಗತಿಯಲ್ಲಿ ಗೆರೆ ಎಳೆದು, ಪುಸ್ತಕದಲ್ಲಿ ಇರುವಷ್ಟು ಹೇಳಿ ಇಳಿಯುತ್ತೇನೆ.

ನಾಲ್ಕೈದು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಅಮ್ಮನಿಗೆ ಫೋನ್ ಬಂತು. ಅಮ್ಮನಿಗೆ ಸ್ಪೀಕರ್ ಹಾಕದೆ ಕೇಳುವುದಿಲ್ಲ.

"ಅಮ್ಮ, ನಾನು. ಮಂಡಿ ನೋವು ಎಂಗದೆ?"

ಅಮ್ಮ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡಳು. "ಅಯ್ಯೋ ಬಿಡವ್ವ ಮಂಡಿ. ಅವನೆಲ್ಲಿ? ಬಿಟ್ರಾ?"

"ಬಿಟ್ರಮ್ಮ. ನನ್ ಜೊತೆ ಅವ್ರೆ. ಇಲ್ಲೇ ಕೂತವ್ರೆ. ಸ್ವಲ್ಪ ಇಳಿದೋಗವ್ರೆ."

"ಎಲ್ಲಿದೀರ?"

"ಊರಲ್ಲಿ."

ಅಣ್ಣ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಕೂತಿದ್ದ. ಯಾವಾಗ ಬರ್ತೀಯ ಎಂದು ಅಮ್ಮ ಕೇಳಿದಳು. ಹಿಂದಿನಿಂದ ಗಂಡಸಿನ ದನಿ ಅವರ ಭಾಷೆಯಲ್ಲಿ ಏನೋ ಹೇಳಿತು.

"ಅವ್ರು ಬರಲ್ಲ ಅಂತಾರಮ್ಮ. ಅಣ್ಣಂಗೆ ಯೋಳಿ, ಕೋಪ ಇಲ್ಲವಂತೆ. ಎರಡು ಅಂತಾನೇ ಯೋಳ್ಬೇಕು, ಓನರ್ ಅಲ್ವಾ, ಅಂತವ್ರೆ."

ಅಣ್ಣ ಎದ್ದು ಕೈ ತೊಳೆಯಲು ಹೋದ. ಅನ್ನ ಹಾಗೆಯೇ ಇತ್ತು. ಅಮ್ಮ ಇನ್ನೂ ಸ್ವಲ್ಪ ಹೊತ್ತು ಮಾತಾಡಿ, ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ಈ ನಂಬರ್ ಮಡಗೋ. ನಾನೇ ಮಾಡ್ತೀನಿ ಇನ್ನೊಂದ್ ಕಿತ."

ನಂಬರಿನ ಮೊದಲ ಅಂಕಿಗಳನ್ನು ನೋಡಿದರೆ ಅದು ಯಾವ ದೇಶದ್ದೆಂದು ಗೊತ್ತಾಗುತ್ತದೆ. ನಾನು ನೋಡಿದೆ. ಅವಳ ಹೆಸರು ಹಾಕಿ ಸೇವ್ ಮಾಡಿ ಅಮ್ಮನಿಗೆ ವಾಪಸ್ ಕೊಟ್ಟೆ. ಈ ಇಡೀ ವಿಷಯದಲ್ಲಿ ನನಗೆ ಅನುಮಾನವಿಲ್ಲದೆ ಗೊತ್ತಿರುವುದು ಆ ದೇಶ ಯಾವುದೆಂಬುದೊಂದೇ.

ಅಣ್ಣ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ.

"ಯಾವ ಕಡೆ ನಂಬರೋ ಅದು?"

"ನೋಡ್ಲಿಲ್ಲ ಕಣಣ್ಣ," ಅಂದೆ.

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದ.